ರಾಯಚೂರಿನ ಬಿಸಿಲಿನಿಂದ ಬೆಂಕಿ-ಹಿಮದ ನಾಡಿಗೆ

ಮೇ ತಿಂಗಳಲ್ಲಿ ರಾಯಚೂರಿನ ಪಾದರಸ 40 ಡಿಗ್ರಿ ದಾಟಿದಾಗ, ದೇವದುರ್ಗ, ಮಾನ್ವಿಗಳ ಮನೆಗಳಲ್ಲೂ ಮಕ್ಕಳು ಭೂಪಟ ಹರವಿಕೊಂಡು ತಂಪಾದ ಊರು ಹುಡುಕುವುದುಂಟು. ಹಾಗೆ ಹುಡುಕುವ ಬೆರಳು ಉತ್ತರ ಅಟ್ಲಾಂಟಿಕ್‌ನ ದ್ವೀಪ ಐಸ್‌ಲೆಂಡ್ ಮೇಲೆ ನಿಂತರೆ ತಂದೆ-ತಾಯಿ ಗದರಬೇಕಾಗಿಲ್ಲ. ಖರ್ಚಿನ ಲೆಕ್ಕ ಆಮೇಲಿರಲಿ. ಮೊದಲು ಸೂರ್ಯನ ಲೆಕ್ಕ ಹಾಕಬೇಕು.

ರಾಯಚೂರು ಇರುವುದು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಐಸ್‌ಲೆಂಡಿನ ರಾಜಧಾನಿ ರೇಕ್ಯಾವಿಕ್ 64ರಲ್ಲಿ. ಡಿಸೆಂಬರ್ 21ರ ನಡುಹಗಲು ರಾಯಚೂರಿನ ಸೂರ್ಯ ದಿಗಂತದಿಂದ ಸುಮಾರು 50 ಡಿಗ್ರಿ ಮೇಲಿದ್ದರೆ, ಅಲ್ಲಿ 3 ಡಿಗ್ರಿಯನ್ನೂ ಮುಟ್ಟುವುದಿಲ್ಲ. ಹಗಲು ನಾಲ್ಕೇ ಗಂಟೆ. ಜೂನ್ 21ರ ಸುಮಾರಿಗೋ, ಸೂರ್ಯ ನಡುರಾತ್ರಿ ಮುಳುಗಿ ಮೂರು ಗಂಟೆಯೊಳಗೆ ಮತ್ತೆ ಹಾಜರು!

ಅನೇಕರು ಎಡವುವುದು ಇಲ್ಲೇ. ಬೇಸಿಗೆ ರಜೆಯೆಂದು ಮೇ ತಿಂಗಳಲ್ಲಿ ಹೋದ ಮಕ್ಕಳಿಗೆ ಧ್ರುವಪ್ರಭೆ ಕಾಣುವುದಿಲ್ಲ. ಸೂರ್ಯನಿಂದ ಬರುವ ವಿದ್ಯುದಾವೇಶದ ಕಣಗಳು ಭೂಮಿಯ ಕಾಂತಕ್ಷೇತ್ರದ ಜಾಡು ಹಿಡಿದು, 100 ಕಿಲೋಮೀಟರಿಗೂ ಎತ್ತರದಲ್ಲಿ ಆಮ್ಲಜನಕಕ್ಕೆ ಬಡಿದಾಗ ಹಸಿರು ಬೆಳಕು ಹೊಮ್ಮುತ್ತದೆ. ಅದನ್ನು ನೋಡಲು ಆಕಾಶ ಕತ್ತಲಾಗಿರಬೇಕಲ್ಲ! ಮೇ ತಿಂಗಳಲ್ಲಿ ಅಲ್ಲಿನ ರಾತ್ರಿ ಪೂರ್ತಿ ಕಪ್ಪಾಗುವುದೇ ಇಲ್ಲ. ಒಳನಾಡಿನ ಬೆಟ್ಟದ ರಸ್ತೆಗಳೂ ಹಿಮ ಕರಗದೆ ಮುಚ್ಚಿರುತ್ತವೆ. ಅಕ್ಟೋಬರಿನ ದಸರಾ ರಜೆಯೇ ಮೇಲು: ಹಗಲು ಹತ್ತು ಗಂಟೆಯಷ್ಟು ಸುತ್ತಾಟ, ರಾತ್ರಿ ಮೋಡವಿಲ್ಲದಿದ್ದರೆ ಪ್ರಭೆ. ಮೋಡ ಕವಿದರೆ ಮಾತ್ರ ಯಾರೂ ಏನೂ ಮಾಡಲಾರರು.

ಕಲ್ಲಿನ ಪಾಠವೂ ಅಲ್ಲಿದೆ. ರಾಯಚೂರು ಕೋಟೆ ನಿಂತ ಬಂಡೆಗಳ ವಯಸ್ಸು 200 ಕೋಟಿ ವರ್ಷಕ್ಕೂ ಮಿಗಿಲು. ಐಸ್‌ಲೆಂಡಿನ ಅತಿ ಹಳೆಯ ಕಲ್ಲಿಗೆ ಸುಮಾರು ಒಂದೂವರೆ ಕೋಟಿ ಅಷ್ಟೆ. ಥಿಂಗ್‌ವೆಟ್ಲಿರ್‌ನಲ್ಲಿ ಭೂಮಿಯ ಎರಡು ಫಲಕಗಳು ವರ್ಷಕ್ಕೆ ಸುಮಾರು 2 ಸೆಂಟಿಮೀಟರ್ ದೂರ ಸರಿಯುತ್ತಿವೆ. ಸ್ಟ್ರೋಕ್ಕುರ್ ಬಿಸಿನೀರಿನ ಬುಗ್ಗೆ ಕೆಲವೇ ನಿಮಿಷಕ್ಕೊಮ್ಮೆ ಚಿಮ್ಮುತ್ತದೆ. ಹಗ್ಗ ದಾಟಿದರೆ ಕಾಲು ಬೇಯುವುದು ಖಂಡಿತ. ರೇನಿಸ್‌ಫ್ಯಾರದ ಕಪ್ಪು ಮರಳಿನ ದಂಡೆ ಇನ್ನೂ ಅಪಾಯದ್ದು. ಶಾಂತವಾಗಿ ಕಾಣುವ ಕಡಲಿನಿಂದ ಒಮ್ಮೆಲೆ ದೊಡ್ಡ ಅಲೆ ಎದ್ದು ಪ್ರವಾಸಿಗರನ್ನು ಸೆಳೆದೊಯ್ದು ಪ್ರಾಣ ತೆಗೆದದ್ದುಂಟು. ಅಲ್ಲಿ ಮಗುವಿನ ಕೈ ಬಿಡಬಾರದು, ಫೋಟೋಗಾಗಿ ಕಡಲಿಗೆ ಬೆನ್ನು ಹಾಕಬಾರದು. ರೇಕ್ಯಾನೆಸ್ ಪರ್ಯಾಯ ದ್ವೀಪದಲ್ಲಿ 2021ರಿಂದ ಹಲವು ಸಲ ಜ್ವಾಲಾಮುಖಿ ಎದ್ದಿದೆ. 2023ರ ನವೆಂಬರಿನಲ್ಲಿ ಗ್ರಿಂಡಾವಿಕ್ ಊರನ್ನೇ ತೆರವು ಮಾಡಿಸಿದರು. ಹೊರಡುವ ಮುನ್ನ ಅಲ್ಲಿನ ಸರ್ಕಾರದ ಸೂಚನೆ ನೋಡಲೇಬೇಕು.

ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ರಾಯಚೂರಿನಿಂದ ರೈಲಿನಲ್ಲಿ ಬೆಂಗಳೂರು, ಅಲ್ಲಿಂದ ಫ್ರಾಂಕ್‌ಫರ್ಟ್‌ನಂಥ ಊರಲ್ಲಿ ವಿಮಾನ ಬದಲಿಸಿ ಕೆಫ್ಲಾವಿಕ್. ಉಣ್ಣೆಯ ಜೊತೆಗೆ ಗಾಳಿ-ಮಳೆ ತಡೆಯುವ ಮೇಲಂಗಿ ಬೇಕೇಬೇಕು. ಆ ಗಾಳಿಗೆ ಕೊಡೆ ನಿಲ್ಲದು.

ಹೋಟೆಲ್ ಊಟ ದುಬಾರಿ. ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ಒಂದಿಷ್ಟು ಕಟ್ಟಿಕೊಳ್ಳಬಹುದು. ಅಜ್ಜಿ ಎಷ್ಟೇ ಒತ್ತಾಯಿಸಿದರೂ ತುಪ್ಪ, ಪೇಡೆ ಮಾತ್ರ ಮನೆಯಲ್ಲೇ ಇರಲಿ: ಭಾರತದಿಂದ ಹಾಲಿನ ಪದಾರ್ಥಗಳನ್ನು ಯುರೋಪಿನ ಒಕ್ಕೂಟದೊಳಗೆ ಒಯ್ಯುವಂತಿಲ್ಲ.