ವಿಯೆಟ್ನಾಮಿನ ಸಂಪ್ರದಾಯದಲ್ಲಿ ಆನೆ ಮತ್ತು ದಂತ

ವಿಯೆಟ್ನಾಮೀ ಭಾಷೆಯಲ್ಲಿ ಆನೆಗೆ ಎರಡು ಹೆಸರುಗಳುಂಟು. ಜನರ ಬಾಯಲ್ಲಿ ಅದು ‘ವೊಯ್’. ಚೀನೀ ಮೂಲದಿಂದ ಬಂದು ಗ್ರಂಥಗಳಲ್ಲಿಯೂ ಸ್ಥಳನಾಮಗಳಲ್ಲಿಯೂ ನೆಲೆಸಿದ ಶಬ್ದ ‘ತುವಂಗ್’. ದಂತಕ್ಕಾದರೋ ‘ಙಾ’ ಎಂದು ಹೆಸರು. ಕನ್ನಡದ ವರ್ಣಮಾಲೆಯಲ್ಲಿ ಹೆಸರಿಗೆ ಮಾತ್ರ ಉಳಿದಂತಿರುವ ಙಕಾರವು ಆ ಭಾಷೆಯಲ್ಲಿ ಶಬ್ದದ ಮೊದಲಲ್ಲಿಯೇ ನಿಲ್ಲುವುದು. ಈ ಏಕಾಕ್ಷರದ ಸುತ್ತ ದೊಡ್ಡ ಚರ್ಚೆಯೊಂದು ನಡೆದಿದೆ. ಚೀನೀಯರು ಈಗ ಹಲ್ಲಿಗೆ ಹೇಳುವ ‘ಯಾ’ ಎಂಬ ಶಬ್ದದ ಪ್ರಾಚೀನ ರೂಪವೂ ಙಕಾರಾದಿಯಾದುದೇ. ಅದರಿಂದಲೇ ‘ಙಾ’ ಹುಟ್ಟಿರಬೇಕೆಂದು ಎಣಿಸುವುದು ಸಹಜ. ಆದರೆ 1976ರಲ್ಲಿ ಜೆರಿ ನಾರ್ಮನ್ ಮತ್ತು ತ್ಸು-ಲಿನ್ ಮೇ ಎಂಬ ವಿದ್ವಾಂಸರು ಈ ಎಣಿಕೆಯನ್ನು ತಿರುಗಿಸಿದರು. ಹಲ್ಲಿಗೆ ಚೀನೀಯರಲ್ಲಿದ್ದ ಹಳೆಯ ಶಬ್ದ ಬೇರೆಯೆಂದೂ, ‘ಯಾ’ ಎಂಬುದು ದಕ್ಷಿಣದ ಆಸ್ಟ್ರೋ-ಏಷ್ಯಾಟಿಕ್ ಭಾಷೆಗಳಿಂದ ಉತ್ತರಕ್ಕೆ ಹೋದುದೆಂದೂ ಅವರ ವಾದ. ಬೆಟ್ಟಸೀಮೆಯ ಮ್ನೋಂಗ್ ಜನರ ದಂತವಾಚಕ ಶಬ್ದವು ಅದಕ್ಕೊಂದು ಆಧಾರ. ಈ ವಾದವು ಸರ್ವಸಮ್ಮತವಲ್ಲ. ಆದರೂ ಸರಕು ಹೋದ ದಾರಿಯಲ್ಲಿಯೇ ಹೆಸರೂ ಹೋಯಿತೆಂಬುದು ನಂಬತಕ್ಕ ಮಾತೇ ಸರಿ.

ಸರಕು ಹೋದುದಂತೂ ನಿಸ್ಸಂದೇಹ. ಚಿನ್ ಚಕ್ರವರ್ತಿಯು ದಕ್ಷಿಣದ ಯುವೆ ದೇಶದ ಮೇಲೆ ಐದು ಲಕ್ಷ ಸೈನ್ಯವನ್ನು ಕಳುಹಿದುದಕ್ಕೆ ಖಡ್ಗಮೃಗದ ಕೊಂಬು, ಆನೆಯ ದಂತ, ಮಿಂಚುಳ್ಳಿಯ ಗರಿ, ಮುತ್ತು ಇವುಗಳ ಆಸೆಯೇ ಕಾರಣವೆಂದು ಕ್ರಿ. ಪೂ. 2ನೆಯ ಶತಮಾನದ ‘ಹುವಾಯ್‌ನಾನ್‌ತ್ಸು’ ಗ್ರಂಥವು ಹೇಳುವುದು. ಕ್ರಿ. ಪೂ. 214ರಲ್ಲಿ ಆತನು ಸ್ಥಾಪಿಸಿದ ದಕ್ಷಿಣ ಪ್ರಾಂತಗಳಲ್ಲೊಂದರ ಹೆಸರೇ ‘ಗಜಪ್ರಾಂತ’ವೆಂದಾಗುವುದು, ಅದರ ಎಲ್ಲೆಕಟ್ಟುಗಳ ವಿಷಯದಲ್ಲಿ ಮಾತ್ರ ವಿವಾದವುಂಟು. ಹೀಗೆ ಆರಂಭದಿಂದಲೂ ದಂತವು ಕಪ್ಪದ ವಸ್ತು, ಒಡೆಯನ ವಸ್ತು. ಮುಂದೆ ದೇಶವು ಸ್ವತಂತ್ರವಾದ ಮೇಲೆಯೂ ಅದರ ಸ್ಥಾನ ಅರಮನೆಯಲ್ಲಿಯೇ ಉಳಿಯಿತು. ಉನ್ನತ ಪದವಿಯ ಅಧಿಕಾರಿಗಳು ಆಸ್ಥಾನದಲ್ಲಿ ಎರಡು ಕೈಗಳಲ್ಲಿಯೂ ಹಿಡಿದು ನಿಲ್ಲುತ್ತಿದ್ದ ಫಲಕವೂ, ಎದೆಯ ಮೇಲೆ ತೂಗಿಸಿಕೊಳ್ಳುತ್ತಿದ್ದ ಬಿರುದಿನ ಬಿಲ್ಲೆಯೂ ದಂತದವು.

ಜನರ ಆನೆಯೇ ಬೇರೆ. ಹುಂಗ್ ವಂಶದ ಹದಿನೆಂಟನೆಯ ಅರಸನು ಮಗಳ ಕನ್ಯಾಶುಲ್ಕವಾಗಿ ಒಂಬತ್ತು ದಂತಗಳ ಆನೆ, ಒಂಬತ್ತು ಮುಳ್ಳುಗಾಲುಗುರುಗಳ ಹುಂಜ, ಒಂಬತ್ತು ಕೆಂಜಾಯಿಗಳ ಕುದುರೆ ಇವನ್ನು ಕೇಳಿದನೆಂದೂ, ಪರ್ವತದೇವತೆಯು ಮೊದಲು ತಂದು ಗೆದ್ದನೆಂದೂ, ಜಲದೇವತೆಯು ಸೋತ ಸಿಟ್ಟಿನಿಂದ ವರ್ಷವರ್ಷವೂ ಪ್ರವಾಹವೆಬ್ಬಿಸುವನೆಂದೂ ಕಥೆಯುಂಟು. ಕೇಳಿದ ವಸ್ತುಗಳಲ್ಲಿ ನೀರಿನದು ಒಂದೂ ಇಲ್ಲ. ಅರಸನ ಪಕ್ಷಪಾತವು ಅಲ್ಲಿಯೇ ಬಯಲಾಗುವುದು.

ಕ್ರಿ. ಶ. 40ರಲ್ಲಿ ಹಾನ್ ಆಳ್ವಿಕೆಯ ವಿರುದ್ಧವೆದ್ದ ತ್ರುಂಗ್ ಸೋದರಿಯರನ್ನು ದೋಂಗ್ ಹೋ ಗ್ರಾಮದ ಅಚ್ಚುಚಿತ್ರಗಳು ಆನೆಯ ಮೇಲೆಯೇ ತೋರಿಸುವುವು. ಚೀನೀ ಚರಿತ್ರೆಯ ಸಂಕ್ಷಿಪ್ತ ವೃತ್ತಾಂತದಲ್ಲಿ ಈ ಆನೆಗಳ ಮಾತಿಲ್ಲ. 248ರಲ್ಲಿ ದಂಗೆಯೆದ್ದ ತ್ರಿಯೆವು ಎಂಬ ವೀರವನಿತೆಗೂ ಐತಿಹ್ಯವು ಆನೆಯನ್ನೇ ವಾಹನವಾಗಿ ಕೊಟ್ಟಿದೆ. ಚರಿತ್ರಕಾರನು ಇಲ್ಲಿ ಸಾಕ್ಷ್ಯವನ್ನು ಕೇಳಬಹುದು. ಆದರೆ ಯಾವ ಪ್ರಾಣಿಯ ದಂತವನ್ನು ಪರರು ಒಯ್ದರೋ ಆ ಪ್ರಾಣಿಯ ಮೇಲೆಯೇ ಜನರು ತಮ್ಮ ನಾಯಕಿಯರನ್ನು ಕುಳ್ಳಿರಿಸಿದರೆಂಬುದು ಗಮನಿಸತಕ್ಕುದು. 1288ರ ಮಂಗೋಲ ಯುದ್ಧಕಾಲದಲ್ಲಿ ಸೇನಾಪತಿ ತ್ರಾನ್ ಹುಂಗ್ ದಾವೊ ಏರಿದ್ದ ಆನೆಯು ಹೋವಾ ನದಿಯ ಕೆಸರಿನಲ್ಲಿ ಹೂತುಹೋಯಿತೆಂದೂ, ಅದನ್ನು ಬಿಟ್ಟುಹೋಗಬೇಕಾಗಿ ಬಂದಾಗ ಆತನು ಕಣ್ಣೀರಿಟ್ಟು, ಶತ್ರುವನ್ನು ಗೆಲ್ಲದೆ ಈ ನದಿಗೆ ಮರಳೆನೆಂದು ಪ್ರತಿಜ್ಞೆ ಮಾಡಿದನೆಂದೂ ಹೇಳುವರು. ಆ ಸ್ಥಳಕ್ಕೆ ಆನೆಯ ಕಡವು ಎಂದೇ ಹೆಸರು.

ದಕ್ಷಿಣದಲ್ಲಿದ್ದ ಚಾಮ್ ಜನರ ಗಜಸೇನೆ ಇವರದಕ್ಕಿಂತಲೂ ಹಳೆಯ ಖ್ಯಾತಿಯುಳ್ಳದು. ಅದನ್ನೆದುರಿಸಲು ಚೀನೀ ಸೇನೆಯವರು 446ರಲ್ಲಿ ಸಿಂಹದ ಬೊಂಬೆಗಳನ್ನೂ, 605ರಲ್ಲಿ ಹುಲ್ಲು ಮುಚ್ಚಿದ ಗುಂಡಿಗಳನ್ನೂ ಬಳಸಿದರು. ಚಂಪಾ ರಾಜ್ಯದ ಶಾಸನಗಳು ಸಂಸ್ಕೃತದಲ್ಲಿಯೂ ಇರುವುವು. ಮೀ ಸೋನ್ ದೇವಾಲಯದ ನಿಂತ ಗಣಪತಿಯೂ, ಥಾಪ್ ಮಾಮ್‌ನ ಗಜಸಿಂಹಗಳೂ ಭಾರತೀಯ ವಾಚಕರಿಗೆ ಅಪರಿಚಿತವೆನಿಸವು.

ಗಾದೆಗಳಲ್ಲಿ ಆನೆ ಮನೆಯ ಮಾತಾಗಿದೆ. ಬುಟ್ಟಿಯಿಂದ ಆನೆಯನ್ನು ಮುಚ್ಚುವುದೆಂದರೆ ಮರೆಸಲಾಗದುದನ್ನು ಮರೆಸುವುದು. ಆನೆಗೆ ದಾರಿ ಬಿಟ್ಟರೆ ಮುಖಭಂಗವಿಲ್ಲ. ಆನೆ ಸಿಕ್ಕಿದವನು ಅಪ್ಸರೆಯನ್ನು ಬೇಡುವನು. ಎಲ್ಲಕ್ಕಿಂತ ಕಟುವಾದುದು, ಪಿತೃಗಳ ಗೋರಿಯನ್ನು ತುಳಿಸಲು ಆನೆಯನ್ನು ಕರೆತಂದವನೆಂಬ ನಿಂದೆ. ಪರಸೇನೆಯನ್ನು ಸ್ವದೇಶಕ್ಕೆ ಆಹ್ವಾನಿಸಿದವರಿಗೆ ಇದು ಮೀಸಲು.

ಅರಮನೆಯ ದೃಷ್ಟಿಯೂ ಜನರ ದೃಷ್ಟಿಯೂ ಹುಯೆ ನಗರದಲ್ಲಿ ಪಕ್ಕಪಕ್ಕದಲ್ಲಿಯೇ ಕಾಣುವುವು. 1830ರಲ್ಲಿ ಮಿಞ್ ಮಾಂಗ್ ಅರಸನು ಅಲ್ಲಿ ಗಜವ್ಯಾಘ್ರಯುದ್ಧಕ್ಕಾಗಿ ವೃತ್ತಾಕಾರದ ಅಂಗಣವೊಂದನ್ನು ಕಟ್ಟಿಸಿದನು. ಆನೆ ರಾಜಶಕ್ತಿಯ ಸಂಕೇತ, ಹುಲಿ ದಂಗೆಯ ಸಂಕೇತ. ಆದುದರಿಂದ ಹುಲಿಯ ಉಗುರುಹಲ್ಲುಗಳನ್ನು ಮೊದಲೇ ಕೀಳುತ್ತಿದ್ದರೆಂದು ಹೇಳುವರು. ಇದನ್ನು ಯುದ್ಧವೆನ್ನುವುದು ಕಷ್ಟ. ಕೊನೆಯ ಪ್ರದರ್ಶನ 1904ರಲ್ಲಿ ನಡೆಯಿತು. ಅಂಗಣಕ್ಕೆ ಸಮೀಪದಲ್ಲಿಯೇ ‘ವೊಯ್ ರೇ’, ಎಂದರೆ ಘೀಳಿಟ್ಟ ಆನೆ, ಎಂಬ ಹೆಸರಿನ ಗುಡಿಯಿದೆ. ಯುದ್ಧದಲ್ಲಿ ತನ್ನ ನಾಯಕನು ಮಡಿಯಲು ಆನೆಯೊಂದು ಬಹುದೂರ ಓಡಿ ರಾಜಧಾನಿಯ ಬಳಿಗೆ ಬಂದು, ಒಮ್ಮೆ ಘೀಳಿಟ್ಟು ಪ್ರಾಣಬಿಟ್ಟಿತಂತೆ. ಊರವರು ಅದನ್ನು ಅಲ್ಲಿಯೇ ಹೂಳಿ ಗೋರಿ ಕಟ್ಟಿದರು. ಗುಡಿಯನ್ನು ಗಿಯಾ ಲಾಂಗ್ ಅರಸನು ಕಟ್ಟಿಸಿದುದು ಆಮೇಲೆ, 1817ರಲ್ಲಿ.