ಗರಡಿಯ ಹುಡುಗನಿಗೆ ಏನು ಕೊಳ್ಳಬೇಕು?

ಮನೆಯ ಹುಡುಗ ಗರಡಿಗೋ, ಜೂಡೋ ತರಗತಿಗೋ, ಕರಾಟೆ ಶಾಲೆಗೋ ಸೇರಿ ಎರಡು ತಿಂಗಳಾಯಿತೆನ್ನಿ. ಮೂರನೆಯ ತಿಂಗಳು ಅವನು ತಂದೆಯ ಮುಂದೆ ಬಂದು ನಿಲ್ಲುತ್ತಾನೆ: ಮೈಯಲ್ಲಿ ಬಲ ಸಾಲದು, ಒಂದು ಪುಸ್ತಕ ಬೇಕು, ಒಂದು ಜೊತೆ ಡಂಬೆಲ್ ಬೇಕು. ತಂದೆಗೆ ಇದು ಹಣದ ಪ್ರಶ್ನೆ. ತಾಯಿಗೆ ಎಲ್ಲಿ ಕೈಕಾಲು ಉಳುಕೀತೋ ಎಂಬ ಭಯ. ಹುಡುಗನಿಗೋ ಪುಸ್ತಕದ ಹೊದಿಕೆಯ ಮೇಲಿರುವ ಪೈಲ್ವಾನನ ತೋಳಿನ ಮೇಲೆಯೇ ಕಣ್ಣು. ಈ ಮೂವರಿಗೂ ಉಪಯೋಗವಾಗುವ ಕೆಲವು ಮಾತುಗಳನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಹುಡುಗನೆಂದು ಬರೆದಿದ್ದೇನಾದರೂ ಹೇಳುವುದೆಲ್ಲ ಹುಡುಗಿಯರಿಗೂ ಸಲ್ಲುತ್ತದೆ.

ಮೊದಲು ನನ್ನ ಪೆದ್ದತನವನ್ನೇ ಹೇಳಿಬಿಡುತ್ತೇನೆ. ಹದಿನೇಳನೆಯ ವಯಸ್ಸಿನಲ್ಲಿ ನಮ್ಮ ಬೀದಿಯ ಗರಡಿಗೆ ಹೋಗುತ್ತಿದ್ದೆ. ಯಾರೋ ಮಾರಿದ ಹಳೆಯ ಕಬ್ಬಿಣದ ಬಾರ್‌ಬೆಲ್ಲನ್ನೂ ಒಂದು ಚಿತ್ರಗಳ ಪುಸ್ತಕವನ್ನೂ ಕೊಂಡು, ಮೂರನೆಯ ತಿಂಗಳ ಪಾಠವನ್ನು ಮೊದಲನೆಯ ವಾರದಲ್ಲೇ ಶುರುಮಾಡಿದೆ. ತೋಳು ಒಂದಿಷ್ಟು ದಪ್ಪವಾಯಿತು, ನಿಜ. ಆದರೆ ಮಟ್ಟಿಯಲ್ಲಿ ನನಗಿಂತ ಸಣಕಲಾದ ಹುಡುಗ ನನ್ನ ಹಿಡಿತದಿಂದ ಮೀನಿನಂತೆ ಜಾರಿಕೊಂಡು ನನ್ನನ್ನೇ ಚಿತ್ ಮಾಡುತ್ತಿದ್ದ. ಕೊನೆಗೊಂದು ದಿನ ಬೆನ್ನು ಬಾಗಿಸಿಕೊಂಡು ಭಾರ ಎತ್ತಲು ಹೋಗಿ ಸೊಂಟ ಹಿಡಿದು, ಒಂದೂವರೆ ತಿಂಗಳು ಚಾಪೆಯ ಮೇಲೆ ಮಲಗಿದೆ. ನೋಡಲು ಬಂದ ಉಸ್ತಾದರು ಬೈಯಲಿಲ್ಲ. “ನೀನು ಕಬ್ಬಿಣದ ಜೊತೆ ಕುಸ್ತಿ ಆಡಿದೆಯಪ್ಪಾ, ಮನುಷ್ಯನ ಜೊತೆ ಆಡುವುದಕ್ಕೆ ಮೈ ಸಿದ್ಧಮಾಡಲಿಲ್ಲ” ಎಂದಷ್ಟೇ ಹೇಳಿ ಹೋದರು. ಈ ವಿಷಯದಲ್ಲಿ ನಾನು ಕಲಿತದ್ದರ ಸಾರವೆಲ್ಲ ಆ ಮಾತಿನಲ್ಲಿದೆ.

ಬಲವೆಂಬುದು ಒಂದೇ ಬಗೆಯದಲ್ಲ. ಕುಸ್ತಿಯವನಿಗೆ ಬೇಕಾದುದು ಮುಷ್ಟಿಯ ಹಿಡಿತ, ಕತ್ತು, ಬೆನ್ನು, ಸೊಂಟ, ತೊಡೆ. ಜೂಡೋದಲ್ಲಿ ಎದುರಾಳಿಯ ಅಂಗಿಯನ್ನು ಹಿಡಿದು ಸೆಳೆಯಬೇಕು. ಅಲ್ಲಿ ಬೆರಳು ಸೋತರೆ ಪಟ್ಟೂ ಸೋತಿತು. ಕರಾಟೆಯ ಗುದ್ದು ತೋಳಿನಿಂದ ಹುಟ್ಟುವುದಿಲ್ಲ. ನೆಲವನ್ನು ಒದೆಯುವ ಕಾಲಿನಿಂದ ಹೊರಟು, ಸೊಂಟದಲ್ಲಿ ತಿರುಗಿ, ಭುಜದ ಮೂಲಕ ಮುಷ್ಟಿಗೆ ಬರುತ್ತದೆ. ಕನ್ನಡಿಯ ಮುಂದೆ ಎದ್ದು ಕಾಣುವ ಎದೆ ತೋಳುಗಳಿಗೆ ಈ ಯಾವ ಪಟ್ಟಿಯಲ್ಲೂ ಮೊದಲ ಸ್ಥಾನವಿಲ್ಲ. ಆದುದರಿಂದ ಪುಸ್ತಕವನ್ನಾಗಲಿ ಸಾಧನವನ್ನಾಗಲಿ ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಇದು ನನ್ನ ವಿದ್ಯೆಗೆ ಬೇಕಾದ ಬಲವನ್ನು ಕೊಡುತ್ತದೆಯೇ?

ಪುಸ್ತಕ ನೋಡಿ ಕಸರತ್ತು ಮಾಡುವುದು ಹೊಸ ರೂಢಿಯೇನೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’ವು ೧೨ನೆಯ ಶತಮಾನದ ಸಂಸ್ಕೃತ ಗ್ರಂಥ. ಅದರ ಮಲ್ಲವಿನೋದದ ಭಾಗದಲ್ಲಿ ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸಿ, ಅವರ ಆಹಾರವನ್ನೂ ಸಾಧನೆಯನ್ನೂ ಹೇಳಿದೆ. ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಎಂದು ಅಲ್ಲಿ ಬೇರೆ ಬೇರೆ ಹೆಸರುಗಳಿವೆ: ಭಾರದ ಸಾಧನೆ, ನಡಿಗೆ, ಈಜು, ಕಂಬದ ಸಾಧನೆ. ಒಂದೇ ಬಗೆಯ ಶ್ರಮದಿಂದ ಜಟ್ಟಿ ತಯಾರಾಗುವುದಿಲ್ಲವೆಂಬುದು ಆ ಕಾಲದವರಿಗೇ ಗೊತ್ತಿತ್ತು.

ನಮ್ಮ ಕಾಲಕ್ಕೆ ಹತ್ತಿರ ಬಂದರೆ ಬೆಂಗಳೂರಿನ ಕೆ. ವಿ. ಅಯ್ಯರ್ ಅವರ ನೆನಪಾಗದಿರದು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದ ಕನ್ನಡಿಗರಿಗೆ ಪರಿಚಿತರಾದ ಅಯ್ಯರ್ ದೊಡ್ಡ ವ್ಯಾಯಾಮಾಚಾರ್ಯರೂ ಆಗಿದ್ದರು; ‘ಪರ್ಫೆಕ್ಟ್ ಫಿಸಿಕ್’ ಮುಂತಾದ ಇಂಗ್ಲಿಷ್ ಪುಸ್ತಕಗಳನ್ನು ಬರೆದರು. ದೇಹವನ್ನು ಶಿಲ್ಪದಂತೆ ಸಮವಾಗಿ ಬೆಳೆಸಬೇಕೆನ್ನುವವರಿಗೆ ಅವು ಒಳ್ಳೆಯ ಓದು. ಆದರೆ ಅಂಗಸೌಷ್ಠವದ ಪುಸ್ತಕ ಬೇರೆ, ಅಖಾಡಕ್ಕಿಳಿಯುವವನ ಪುಸ್ತಕ ಬೇರೆ. ಮೊದಲನೆಯದನ್ನು ಕೊಂಡು ಎರಡನೆಯದರ ಫಲವನ್ನು ನಿರೀಕ್ಷಿಸಿದರೆ ತಪ್ಪು ಪುಸ್ತಕದ್ದಲ್ಲ, ಕೊಂಡವನದು.

ಹಾಗಾದರೆ ಒಳ್ಳೆಯ ಪುಸ್ತಕದ ಗುರುತೇನು? ಅಂಗಡಿಯಲ್ಲಿ ನಿಂತೇ ನಾಲ್ಕು ಸಂಗತಿಗಳನ್ನು ನೋಡಬಹುದು.

ಮೊದಲನೆಯದು, ಎಷ್ಟರಿಂದ ಆರಂಭಿಸಬೇಕು, ಹೇಗೆ ಏರಿಸಬೇಕು ಎಂಬ ಲೆಕ್ಕವಿದೆಯೇ ಎಂಬುದು. ಎರಡನೆಯ ಮಹಾಯುದ್ಧದಲ್ಲಿ ಮೊಣಕಾಲಿಗೆ ಪೆಟ್ಟಾದ ಸೈನಿಕರನ್ನು ಭಾರದ ಸಾಧನೆಯಿಂದ ಗುಣಪಡಿಸಿದ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್ ೧೯೪೫ರಲ್ಲಿ ತಮ್ಮ ವಿಧಾನವನ್ನು ಪ್ರಕಟಿಸಿದರು. ೧೯೪೮ರಲ್ಲಿ ವಾಟ್ಕಿನ್ಸ್ ಅವರೊಡನೆ ಸೇರಿ ಅದನ್ನು ಸರಳಗೊಳಿಸಿದರು. ಹತ್ತು ಸಲ ಎತ್ತಬಲ್ಲ, ಹನ್ನೊಂದನೆಯ ಸಲ ಎತ್ತಲಾಗದ ಭಾರವನ್ನು ಮೊದಲು ಕಂಡುಕೊಳ್ಳಬೇಕು. ಅದು ೨೦ ಕಿಲೋ ಆಗಿದ್ದರೆ, ೧೦ ಕಿಲೋವನ್ನು ಹತ್ತು ಸಲ, ೧೫ ಕಿಲೋವನ್ನು ಹತ್ತು ಸಲ, ಕೊನೆಗೆ ೨೦ ಕಿಲೋವನ್ನು ಹತ್ತು ಸಲ. ಬಲ ಹೆಚ್ಚಿದಂತೆ ಭಾರವೂ ಸ್ವಲ್ಪ ಸ್ವಲ್ಪವಾಗಿ ಹೆಚ್ಚಬೇಕು. ಇಂಥ ಲೆಕ್ಕ ಯಾವ ರೂಪದಲ್ಲಾದರೂ ಇರದ ಪುಸ್ತಕ ಬರಿಯ ಚಿತ್ರಸಂಪುಟ.

ಎರಡನೆಯದು, ಸರಿಯಾದ ಭಂಗಿಯ ಪಕ್ಕದಲ್ಲಿ ತಪ್ಪು ಭಂಗಿಯನ್ನೂ ತೋರಿಸಿದೆಯೇ? ಬೆನ್ನು ಹೇಗಿರಬೇಕು, ಮೊಣಕಾಲು ಯಾವ ಕಡೆ ಬಾಗಬೇಕು ಎಂದು ಆ ಪುಸ್ತಕ ಹೇಳಿದ್ದರೆ ನನ್ನ ಸೊಂಟ ಉಳಿಯುತ್ತಿತ್ತು. ಮೂರನೆಯದು ವಿಶ್ರಾಂತಿಯ ಮಾತು. ಪಟ್ಟುಗಳ ಅಭ್ಯಾಸ ನಿತ್ಯವೂ ಇರುವವನಿಗೆ ಭಾರದ ಸಾಧನೆ ವಾರಕ್ಕೆ ಎರಡು ಅಥವಾ ಮೂರು ದಿನ ಸಾಕು. ಸ್ನಾಯು ಬೆಳೆಯುವುದು ದಣಿದಾಗ ಅಲ್ಲ, ದಣಿವಾರಿಸಿಕೊಳ್ಳುವಾಗ. ನಾಲ್ಕನೆಯದು, ಪುಸ್ತಕದ ಕೊನೆಯ ಪುಟಗಳು. ಅಲ್ಲಿ ಲೇಖಕನೇ ಮಾರುವ ಪುಡಿ, ಲೇಹ್ಯ, ಯಂತ್ರಗಳ ಜಾಹೀರಾತಿದ್ದರೆ ಪುಸ್ತಕವನ್ನು ಇದ್ದಲ್ಲಿಯೇ ಇಟ್ಟು ಬರುವುದು ಮೇಲು.

ಇನ್ನು ಸಾಧನಗಳು. ಎಲ್ಲಕ್ಕಿಂತ ಮೊದಲಿನ ಸಾಧನ ಕಾಸಿಲ್ಲದೆ ದೊರೆತಿದೆ; ಅದು ನಮ್ಮ ಮೈತೂಕವೇ. ದಂಡ ಹೊಡೆಯುವಾಗ ಭುಜ, ಎದೆ, ಬೆನ್ನು ಕೂಡಿ ದುಡಿಯುತ್ತವೆ. ಬಸ್ಕಿಯಲ್ಲಿ ತೊಡೆಯೂ ಉಸಿರೂ ಬಲಿಯುತ್ತವೆ. ಗಾಮಾ ಪೈಲ್ವಾನ ಸಾವಿರಾರು ಬಸ್ಕಿ ಹೊಡೆಯುತ್ತಿದ್ದನೆಂಬ ಮಾತನ್ನು ಕೇಳಿ ಹುಡುಗರು ಎಣಿಕೆಯ ಬೆನ್ನು ಹತ್ತುತ್ತಾರೆ. ಬೇಡ. ಗತಿಗೆಡದೆ ಇಪ್ಪತ್ತು ದಂಡ, ಐವತ್ತು ಬಸ್ಕಿ ಹೊಡೆಯುವುದು ಬರುವ ತನಕ ಅಂಗಡಿಯ ಕಡೆ ತಲೆ ಹಾಕಬೇಕಾಗಿಲ್ಲ.

ಅನಂತರ ಮನೆಯಲ್ಲೇ ಮಾಡಿಕೊಳ್ಳುವಂಥವು. ಗಟ್ಟಿಯಾದ ತೊಲೆಗೆ ದಪ್ಪ ಹಗ್ಗವನ್ನೋ ಟವೆಲ್ಲನ್ನೋ ಹಾಕಿ ಜೋತಾಡಿದರೆ ಮುಷ್ಟಿಯ ಹಿಡಿತಕ್ಕೆ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಗಟ್ಟಿ ಬಟ್ಟೆಯ ಚೀಲಕ್ಕೆ ಒಣ ಮರಳು ತುಂಬಿ, ಬಾಯಿ ಹೊಲಿದು, ಗೋಣಿಯೊಳಗಿಟ್ಟು ಮತ್ತೆ ಹೊಲಿಯಿರಿ. ಒಣ ಮರಳು ಲೀಟರಿಗೆ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಹತ್ತು ಲೀಟರು ತುಂಬಿದರೆ ೧೫ ಕಿಲೋ ಆಯಿತು. ಈ ಮೂಟೆ ಕಬ್ಬಿಣದ ಸಲಾಕೆಯಂತೆ ಹೇಳಿದ ಹಾಗೆ ಕೇಳುವುದಿಲ್ಲ. ಅತ್ತ ಜಾರುತ್ತದೆ, ಇತ್ತ ವಾಲುತ್ತದೆ. ಎದುರಾಳಿಯ ಮೈಯೂ ಹಾಗೆಯೇ ಅಲ್ಲವೆ?

ಗದೆಯ ವಿಷಯದಲ್ಲಿ ಒಂದು ಎಚ್ಚರ. ಗದೆ ಕೊಳ್ಳುವವರು ತೂಕವನ್ನು ಕೇಳುತ್ತಾರೆ, ಹಿಡಿಯ ಉದ್ದವನ್ನು ಕೇಳುವುದಿಲ್ಲ. ೪ ಕಿಲೋದ ಗುಂಡು ಮುಷ್ಟಿಯಿಂದ ೭೫ ಸೆಂಟಿಮೀಟರು ದೂರದಲ್ಲಿ ಅಡ್ಡವಾಗಿ ಚಾಚಿದ್ದರೆ ಮಣಿಕಟ್ಟಿನ ಮೇಲೆ ಬೀಳುವ ತಿರುಚು, ೭.೫ ಸೆಂಟಿಮೀಟರು ದೂರದಲ್ಲಿರುವ ೪೦ ಕಿಲೋದಷ್ಟೇ! ತಕ್ಕಡಿಯ ನ್ಯಾಯವೇ ಇದು. ಆದುದರಿಂದ ಹೊಸಬನಿಗೆ ಗಿಡ್ಡ ಹಿಡಿಯ ಹಗುರ ಗದೆಯೇ ಸರಿ. ಹಿಡಿಯಲ್ಲಿ ಸೀಳಿದೆಯೇ, ಗುಂಡು ಸಡಿಲವಾಗಿದೆಯೇ ಎಂದು ಪ್ರತಿದಿನ ನೋಡಬೇಕು. ತಿರುಗಿಸುವಾಗ ಹತ್ತಿರದಲ್ಲಿ ಯಾರೂ ಇರಕೂಡದು.

ಕಬ್ಬಿಣವನ್ನು ಕೊಳ್ಳುವುದೇ ಆದರೆ ಬಿಲ್ಲೆಗಳನ್ನು ಸೇರಿಸಿ ತೆಗೆಯಬಹುದಾದ ಡಂಬೆಲ್ ಜೋಡಿಯನ್ನು ಕೊಳ್ಳಿ. ಒಂದೊಂದು ಕಿಲೋದ ಸಣ್ಣ ಬಿಲ್ಲೆಗಳಿದ್ದರೆ ಏರಿಕೆ ಸುಲಭ. ಬೇರೆ ಬೇರೆ ತೂಕದ ಐದು ಜೋಡಿಯ ಖರ್ಚೂ ಉಳಿಯಿತು. ಬಿಲ್ಲೆ ಜಾರದಂತೆ ತಡೆಯುವ ತಿರುಪು ಭದ್ರವಾಗಿರಲಿ. ಎದೆಗೆ ಎಳೆಯುವ ಸ್ಪ್ರಿಂಗು ಎಳೆದಷ್ಟೂ ಬಿಗಿಯಾಗುವ ವಸ್ತು. ಆರಂಭದಲ್ಲಿ ಅದರ ಪ್ರತಿರೋಧ ಕಡಿಮೆ, ಕೊನೆಯಲ್ಲಿ ಹೆಚ್ಚು. ಇದ್ದರೆ ಬಳಸಿ, ಅದೊಂದನ್ನೇ ನಂಬಬೇಡಿ. ಕಾಲಿಗೆ ಭಾರದ ಪಟ್ಟಿ ಕಟ್ಟಿಕೊಂಡು ಜೋರಾಗಿ ಒದೆಯುವ ಅಭ್ಯಾಸ ಮಾತ್ರ ಬೇಡವೇ ಬೇಡ. ಕಾಲು ಹೋದ ರಭಸಕ್ಕೆ ಮೊಣಕಾಲಿನ ಕೀಲು ಪೆಟ್ಟು ತಿನ್ನುತ್ತದೆ.

ಚಿಕ್ಕ ವಯಸ್ಸಿನಲ್ಲಿ ಭಾರ ಎತ್ತಿದರೆ ಹುಡುಗ ಕುಳ್ಳನಾಗಿಬಿಡುತ್ತಾನೆ ಎಂಬ ಹೆದರಿಕೆ ನಮ್ಮ ಮನೆಗಳಲ್ಲಿ ಹಳೆಯದು. ಬಲ್ಲವರ ಕಣ್ಣೆದುರು, ಹಗುರ ಭಾರದಿಂದ, ಸರಿಯಾದ ಭಂಗಿಯಲ್ಲಿ ಮಾಡಿದ ಸಾಧನೆಯಿಂದ ಬೆಳವಣಿಗೆ ಕುಂಠಿತವಾಗುವುದಿಲ್ಲವೆಂದು ಇಂದಿನ ವೈದ್ಯರು ಹೇಳುತ್ತಾರೆ. ಅಪಾಯವಿರುವುದು ಯಾರೂ ಇಲ್ಲದಾಗ, ಗೆಳೆಯನೊಡನೆ ಪಂಥ ಕಟ್ಟಿ, ಎತ್ತಲಾಗದ್ದನ್ನು ಎತ್ತಲು ಹೋದಾಗ. ಕತ್ತಿನ ಮೇಲೆ ಭಾರ ಬೀಳುವ ಸಾಧನೆಗಳನ್ನಂತೂ ಗುರುವಿಲ್ಲದೆ ಮಾಡಲೇಬಾರದು.

ಆದುದರಿಂದ ತಂದೆತಾಯಿಗಳಲ್ಲಿ ನನ್ನ ಬಿನ್ನಹವಿಷ್ಟೆ. ಹುಡುಗ ಕೇಳಿದ ಕೂಡಲೆ ಹಣ ಕೊಡಲೂಬೇಡಿ, ಇಲ್ಲವೆಂದು ಗದರಲೂಬೇಡಿ. ಒಂದು ಸಂಜೆ ಅವನ ಜೊತೆಯಲ್ಲಿ ಗರಡಿಗೆ ಹೋಗಿ, “ಇವನಿಗೆ ಯಾವ ಅಂಗದಲ್ಲಿ ಬಲ ಸಾಲದು?” ಎಂದು ಉಸ್ತಾದರನ್ನು ಕೇಳಿ. ಅವರ ಉತ್ತರವನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ. ಆ ಚೀಟಿಯಲ್ಲಿಲ್ಲದ ವಸ್ತು ಎಷ್ಟೇ ಹೊಳೆಯುತ್ತಿರಲಿ, ಅದು ಅಂಗಡಿಯಲ್ಲೇ ಉಳಿಯಲಿ.