ಅಂಗನವಾಡಿಯ ಗೋಡೆಗೊರಗಿದ ಮಗು

ವಸಂತನರಸಾಪುರದ ಹೆಸರು ಇಂದು ಕೈಗಾರಿಕೆಗಳಿಂದ ಪ್ರಸಿದ್ಧವಾಗಿದೆ. 2014ನೆಯ ಇಸವಿ ಸೆಪ್ಟೆಂಬರ್ 24ರಂದು ಅಲ್ಲಿ ಆಹಾರ ಪಾರ್ಕು ಉದ್ಘಾಟನೆಯಾದುದನ್ನು ವಾಚಕರು ಮರೆತಿರಲಾರರು. ಕಾರ್ಖಾನೆಗಳ ಏಳಿಗೆಯನ್ನು ಕುರಿತು ಬರೆಯುವವರು ಬೇಕಾದಷ್ಟು ಮಂದಿಯುಂಟು. ನಾವು ಬರೆಯಹೊರಟಿರುವುದು ತಾಯಂದಿರು ದುಡಿಯಹೋದಾಗ ಅಂಗನವಾಡಿಯಲ್ಲುಳಿಯುವ ಮಕ್ಕಳನ್ನು ಕುರಿತು. ಅವರಲ್ಲಿಯೂ ಕಿವಿ ಕೇಳದ, ಕಣ್ಣು ಕಾಣದ, ನಡೆಯಲಾರದ, ಮಾತು ತಡವಾದ ಮಕ್ಕಳನ್ನು ಕುರಿತು.

ಹಿಂದಿನ ಮೈಸೂರು ಸಂಸ್ಥಾನಕ್ಕೆ ಇಂಥ ಮಕ್ಕಳ ವಿದ್ಯಾಭ್ಯಾಸವು ಹೊಸದಾಗಿರಲಿಲ್ಲ. ಮೈಸೂರಿನಲ್ಲಿ ಕುರುಡ ಹಾಗೂ ಕಿವುಡ ಮಕ್ಕಳ ಶಾಲೆಯು 1901ರಲ್ಲಿಯೇ ಸ್ಥಾಪಿತವಾಯಿತು. ಆದರೆ ಅದು ಬೇರೆ ಶಾಲೆ. ಊರ ಮಕ್ಕಳೊಡನೆಯೇ ಕಲಿಸತಕ್ಕದ್ದೆಂದು 2016ನೆಯ ಇಸವಿಯ ಅಂಗವಿಕಲರ ಹಕ್ಕುಗಳ ಕಾಯಿದೆಯು ವಿಧಿಸಿತು. ಆದರೂ ಅದರಲ್ಲಿ ಉಚಿತ ಶಿಕ್ಷಣದ ಹಕ್ಕು ಆರನೆಯ ವರ್ಷಕ್ಕೆ ಮೊದಲಾಗುತ್ತದೆ. ಮಗುವು ಜೊತೆಗಾರರೊಡನೆ ಆಡಲು ಕಲಿಯುವುದೋ ಅದಕ್ಕೆ ಮುಂಚೆ! ಕೇಂದ್ರ ಸರ್ಕಾರದವರು 2023ರ ನವೆಂಬರಿನಲ್ಲಿ ಅಂಗನವಾಡಿಗಳಿಗಾಗಿ ಮಾರ್ಗಸೂಚಿಯೊಂದನ್ನು ಹೊರಡಿಸಿದರು. ಕಾಗದದ ಮಟ್ಟಿಗೆ ನಮ್ಮ ತಕರಾರಿಲ್ಲ.

ಒಂದೇ ಕೊಠಡಿಯಲ್ಲಿ ಕೂಡಿಸಿದ ಮಾತ್ರಕ್ಕೆ ಮಕ್ಕಳು ಕೂಡುವುದಿಲ್ಲ. ಕಿವಿ ಕೇಳದ ಮಗುವನ್ನು ಹಿಂದಿನಿಂದ ಕೂಗಿದ ಹುಡುಗನು ಉತ್ತರ ಬಾರದಿರಲು ಅದನ್ನು ಜಂಭವೆಂದೆಣಿಸಿ ಹೊರಟುಹೋಗುತ್ತಾನೆ. ಭುಜ ಮುಟ್ಟಿ, ಎದುರು ನಿಂತು, ಸನ್ನೆಯಿಂದ ಕರೆಯಬೇಕೆಂದು ಅವನಿಗೆ ತೋರಿಸಿಕೊಡಬೇಕು. ಇಂಥವನ್ನು ಮಕ್ಕಳು ನಮ್ಮಂಥ ಮುದುಕರಿಗಿಂತ ಬೇಗ ಕಲಿಯುವರು. ಚೆಂಡಿನೊಳಗೆ ಗೆಜ್ಜೆಯಿಟ್ಟು ಉರುಳಿಸಿದರೆ ಕಣ್ಣು ಕಾಣದ ಮಗುವೂ ಅದನ್ನು ಹಿಡಿಯುವುದು. ನಡೆಯಲಾರದ ಮಗುವನ್ನು 'ಪಾಪ'ವೆಂದು ಗೋಡೆಗೊರಗಿಸಿಬಿಡುವುದು ವಾಡಿಕೆ. ಇಡೀ ಗುಂಪೇ ನೆಲದ ಮೇಲೆ ಕುಳಿತಾಡುವ ಆಟವನ್ನೇಕೆ ಹೂಡಬಾರದು? ಕಣ್ಣಾಮುಚ್ಚಾಲೆಯಲ್ಲಿ ಕಳ್ಳನ ಕಣ್ಣು ಮುಚ್ಚುವ ಅಜ್ಜಿಗೆ ಓಡುವ ಕಾಲು ಬೇಕಿಲ್ಲ. ಗದ್ದಲಕ್ಕೆ ಬೆದರುವ ಮಗುವಿಗೆ ಮೊದಲು ಒಬ್ಬನೇ ಜೊತೆಗಾರ ಸಾಕು. ಅತಿಪ್ರೀತಿಯೂ ಒಳ್ಳೆಯದಲ್ಲ, ಚಪ್ಪಲಿ ತೊಡಿಸುವುದರಿಂದ ತುತ್ತಿಡುವವರೆಗೆ ಎಲ್ಲವನ್ನೂ ಸಹಪಾಠಿಗಳೇ ಮಾಡಿಕೊಟ್ಟರೆ ಆ ಮಗುವು ಅವರಿಗೆ ಗೆಳೆಯನಾಗದೆ ಗೊಂಬೆಯಾಗುವುದು.

ಆದರೆ ಇದನ್ನೆಲ್ಲ ನಡೆಸುವವರಾರು? ಆಹಾರ, ತೂಕ, ದಾಖಲೆ ಎಲ್ಲವೂ ಕಾರ್ಯಕರ್ತೆಯ ತಲೆಯ ಮೇಲೆಯೇ ಇವೆ. ಮೈಸೂರಿನಲ್ಲಿ 1965ರಲ್ಲಿ ಪ್ರಾರಂಭವಾದ ವಾಕ್ ಶ್ರವಣ ಸಂಸ್ಥೆಯು ತನ್ನ ಶಿಶುಶಾಲೆಯಲ್ಲಿ ತಾಯಂದಿರಿಗೂ ತರಬೇತು ಕೊಡುತ್ತದೆ. ಆದರೆ ಪಾಳಿಯ ಕೂಲಿ ಬಿಟ್ಟು ಅಲ್ಲಿಗೆ ಹೋಗಿ ನಿಲ್ಲುವ ಅನುಕೂಲ ಎಷ್ಟು ತಾಯಂದಿರಿಗುಂಟು? 2013ನೆಯ ಇಸವಿಯ ಕಾಯಿದೆಯ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದಲ್ಲಿ ನೂರಕ್ಕೆ 2ರಂತೆ ಲೋಕೋಪಯೋಗಕ್ಕೆ ವಿನಿಯೋಗಿಸತಕ್ಕದ್ದು. ವಸಂತನರಸಾಪುರದ ಕಂಪನಿಗಳವರು ಆ ಹಣದಿಂದ ಸುತ್ತಣ ಅಂಗನವಾಡಿಗಳಿಗೆ ತರಬೇತಾದ ಮತ್ತೊಬ್ಬ ಶಿಕ್ಷಕಿಯ ಸಂಬಳವನ್ನು ಕೊಡಲಿ. ಜಿಲ್ಲಾ ಪಂಚಾಯತಿಯವರು ಅವರನ್ನು ಕರೆಸಿ, ದಸರೆಯೊಳಗಾಗಿ ಉತ್ತರ ಕೇಳಲಿ.